ಬ್ರಿಟಿಷ್ ಸ್ಲೈಸ್ ಬ್ರೆಡ್ಡೋ, ಫ್ರೆಂಚ್ ಬಗೆಟ್ಟೋ?

ಬ್ರಿಟನ್ನಿನ ಪ್ಯಾಕೆಟ್ ಬ್ರೆಡ್ ಒತ್ತಿದರೆ ಸ್ಪಂಜಿನ ಹಾಗೆ ಕುಗ್ಗುತ್ತೆ. ಕಾರಣ 1961ರಲ್ಲಿ ಇಂಗ್ಲೆಂಡಿನ ಚೋರ್ಲಿವುಡ್ ಅನ್ನೋ ಊರಲ್ಲಿ ಹುಟ್ಟಿದ ವಿಧಾನ: ಹಿಟ್ಟನ್ನು ಮೆಷಿನ್‌ನಲ್ಲಿ ಕೆಲವೇ ನಿಮಿಷ ಜೋರಾಗಿ ತಿರುವಿ, ಯೀಸ್ಟ್ ಜಾಸ್ತಿ ಹಾಕಿ, ಕೊಬ್ಬು, ವಿಟಮಿನ್ ಸಿ ಸೇರಿಸಿ, ಗಂಟೆಗಟ್ಟಲೆ ಹುದುಗು ಬರಿಸುವ ಕೆಲಸವನ್ನೇ ಬಿಟ್ಟುಬಿಟ್ಟರು. ಪ್ರೋಟೀನ್ ಕಡಿಮೆ ಇರುವ ಅಲ್ಲಿನ ಗೋಧಿಗೂ ಅದು ಹೊಂದಿತು. ರುಚಿ ಮಾತ್ರ ಸಪ್ಪೆ. ಹುದುಗೋಕೆ ಟೈಮೇ ಕೊಡದಿದ್ದರೆ ಪರಿಮಳ ಎಲ್ಲಿಂದ ಬರಬೇಕು, ಅಲ್ವಾ?

ಫ್ರಾನ್ಸ್‌ನಲ್ಲಾದರೆ ಬಗೆಟ್, ಅಂದ್ರೆ ಕೋಲಿನಂಥ ಉದ್ದನೆ ಬ್ರೆಡ್, ಕೊಳ್ಳುವಾಗ 'ಟ್ರಾಡಿಸಿಯೋಂ' (ಸಾಂಪ್ರದಾಯಿಕ ಬಗೆಟ್) ಅಂತಲೇ ಕೇಳಿ ತಗೊಳ್ಳಿ. 1993ರ ಸರ್ಕಾರಿ ಆದೇಶದ ಪ್ರಕಾರ ಅದರ ಹಿಟ್ಟನ್ನು ಫ್ರೀಜ್ ಮಾಡುವಂತಿಲ್ಲ, ಅಡಿಟಿವ್ ಹಾಕುವಂತಿಲ್ಲ. ಸಾದಾ ಬಗೆಟ್‌ಗೆ ಈ ಗ್ಯಾರಂಟಿ ಇಲ್ಲ. ಟ್ರಾಡಿಸಿಯೋಂ ಹೊರಗೆ ಗರಿಗರಿ, ಒಳಗೆ ಸಣ್ಣ ದೊಡ್ಡ ತೂತು. ಆದರೆ ಮಾರನೇ ದಿನಕ್ಕೆ ಗಟ್ಟಿ! ವಾರವಿಡೀ ಟೋಸ್ಟ್, ಮಕ್ಕಳ ಡಬ್ಬಿಗೆ ಸ್ಯಾಂಡ್‌ವಿಚ್ ಅಂದ್ರೆ ಬ್ರಿಟಿಷ್ ಸ್ಲೈಸೇ ಸರಿ. ಬೆಣ್ಣೆ ಸವರಿ ಸುಮ್ನೆ ತಿನ್ನೋಕೆ ನನ್ನ ಓಟು ಬಗೆಟ್‌ಗೆ.