ಮೂರು ಸಣ್ಣ ಟ್ಯಾಂಕ್ ಸೇರಿಸಿ ಒಂದು ದೊಡ್ಡದು: ಶಿರಸಿ ಅಕ್ವೇರಿಯಂ ಅಂಗಡಿ ಬಗ್ಗೆ
ನಿಯಾನ್ ಟೆಟ್ರಾ, ಗಪ್ಪಿ, ಏಂಜಲ್ ಮೀನುಗಳಿಗೆ ಅಂತ ಮನೇಲಿ ಮೂರು ಸಣ್ಣ ಟ್ಯಾಂಕ್ ಇತ್ತು, ಎಲ್ಲಾ ಒಂದೇ ಕಡೆ ಹಾಕೋಣ ಅಂತ ಶಿರಸಿ ಪೇಟೆಯ ಒಂದು ಅಂಗಡೀಲಿ 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ಟ್ಯಾಂಕ್ ಮಾಡ್ಸಿದೆ. ತುಂಬಿದ್ರೆ ನೀರೇ ಹತ್ತಿರ ಹತ್ತಿರ 250 ಕೆಜಿ, ಮೆತ್ತಿ (ಮಹಡಿ) ಮೇಲೆ ಇಡ್ಬೇಡಿ ಅಂತ ಅವ್ರೇ ಮೊದ್ಲು ಹೇಳಿದ್ರು.

ಇನ್ನೊಂದು ಮಾತಂತೂ ನನ್ನ ಮೀನುಗಳ ಜೀವ ಉಳಿಸ್ತು. ಹಳೇ ಸ್ಪಂಜ್ ಫಿಲ್ಟರನ್ನ ನಲ್ಲಿ ನೀರಲ್ಲಿ ತೊಳೀಬೇಡಿ, ಕ್ಲೋರಿನ್‌ಗೆ ನೀರನ್ನ ಶುದ್ಧ ಇಡೋ ಒಳ್ಳೆ ಬ್ಯಾಕ್ಟೀರಿಯಾ ಸಾಯ್ತವೆ, ಹಾಗೇ ಹೊಸ ಟ್ಯಾಂಕಿಗೆ ಹಾಕಿ ಅಂದ್ರು. ದೊಡ್ಡ ಏಂಜಲ್ ನಿಯಾನ್‌ನ ನುಂಗತ್ತೆ ಅಂತ ಏಂಜಲ್ ವಾಪಸ್ ತಗೊಂಡು ಕೋರಿಡೋರಾಸ್ (ತಳದಲ್ಲಿ ಓಡಾಡೋ ಸಣ್ಣ ಮೀನು) ಕೊಟ್ರು, ಎಷ್ಟು ಜನ ಹೀಗೆ ಮಾಡ್ತಾರೆ ಹೇಳಿ! ಮುಚ್ಚಳ ಮಾತ್ರ ಹತ್ತು ದಿನ ತಡ, ಅದು ಬೇಜಾರಾಯ್ತು. ಮಳೆಗಾಲದಲ್ಲಿ ಕರೆಂಟ್ ಹೋಗತ್ತಲ್ಲ, ಬ್ಯಾಟರಿ ಏರ್ ಪಂಪೂ ಅಲ್ಲೇ ತಗೊಂಡೆ.