ಪೀಚ್ ಹಣ್ಣಿನ ಸೆಂಟು, ಮಲ್ಲಿಗೆಯ ಸೆಂಟು: ಒಂದು ಜೂನ್ ತಿಂಗಳ ಪರೀಕ್ಷೆ

ನನ್ನ ಒಲವು ಮಲ್ಲಿಗೆಯ ಕಡೆಗೆ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. 2,600 ರೂಪಾಯಿ ಕೊಟ್ಟು ತಂದ ಹಣ್ಣಿನ ಪರಿಮಳದ ಸೀಸೆ ನನ್ನ ಕಪಾಟಿನಲ್ಲಿ ಮುಕ್ಕಾಲು ಪಾಲು ತುಂಬಿಕೊಂಡೇ ಉಳಿದಿದೆ. 850 ರೂಪಾಯಿಯ ಮಲ್ಲಿಗೆ ಸ್ಪ್ರೇಯಾದರೋ ಒಂದು ಸೀಸೆ ಮುಗಿದು ಎರಡನೆಯದು ನಡೆಯುತ್ತಿದೆ. ಇವೆರಡರ ನಡುವೆ, ಕಾಸರಗೋಡು ಪೇಟೆಯಿಂದ ತಂದ 300 ರೂಪಾಯಿಯ ಆರು ಮಿಲಿಲೀಟರ್ ಮಲ್ಲಿಗೆ ಅತ್ತರೂ ಒಂದಿದೆ. ಮೂರನ್ನೂ ಜೂನ್ ತಿಂಗಳಿಡೀ, ಶಾಲೆಗೆ ಹೋಗುವ ದಿನಗಳಲ್ಲಿ, ಸರದಿಯಂತೆ ಹಾಕಿಕೊಂಡು ನೋಡಿದ್ದರಿಂದ ಇದನ್ನು ಬರೆಯುವ ಧೈರ್ಯ ಬಂದಿದೆ.

ಹಣ್ಣಿನದನ್ನು ಕೊಂಡದ್ದು ಮೇ ತಿಂಗಳ ಕೊನೆಯಲ್ಲಿ, ತಮ್ಮನ ಮದುವೆಯ ಜವಳಿಗೆಂದು ಮಂಗಳೂರಿಗೆ ಹೋದಾಗ. ಹೊರಗೆ ಸುಡುವ ಸೆಕೆ, ಅಂಗಡಿಯ ಒಳಗೆ ಮೈ ಕೊರೆಯುವಷ್ಟು ತಣ್ಣನೆಯ ಏಸಿ. ಅಂಗಡಿಯ ಹುಡುಗಿ ಬಿಳಿ ಕಾಗದದ ಪಟ್ಟಿಯ ಮೇಲೆ ಒಮ್ಮೆ ಸಿಂಪಡಿಸಿ, ಎರಡು ಸಲ ಬೀಸಿ, ಮೂಗಿನ ಬಳಿ ಹಿಡಿದಳು. ಆಗಷ್ಟೇ ಕತ್ತರಿಸಿದ ಪೇರ್ ಹಣ್ಣಿನ ಹಸಿ ನೀರಿನಂಥ ಪರಿಮಳ, ಅದರ ಹಿಂದೆ ಪೀಚ್, ಅದಕ್ಕೂ ಹಿಂದೆ ಸ್ವಲ್ಪ ಹುಳಿಯಾದ ಕಪ್ಪು ದ್ರಾಕ್ಷಿ ಜಾತಿಯ ಯಾವುದೋ ಹಣ್ಣು. ನಾನು ಹತ್ತು ನಿಮಿಷದೊಳಗೆ ಹಣ ಕೊಟ್ಟೆ. ಕೈಯ ಮೇಲೆ ಹಾಕಿಕೊಂಡು ಒಂದು ಗಂಟೆ ಪೇಟೆ ಸುತ್ತಿ ಬಂದು ಮತ್ತೆ ತೀರ್ಮಾನಿಸಬಹುದಿತ್ತು ಎಂಬ ಬುದ್ಧಿ ಆಮೇಲೆ ಬಂತು.

ಅಂಗಡಿಯಲ್ಲಿ ಮೂಸಿದ್ದು ಬೇರೆ, ಮೈಮೇಲೆ ಉಳಿಯುವುದು ಬೇರೆ ಎಂಬುದಕ್ಕೆ ಕಾರಣವಿದೆ. ಕಿತ್ತಳೆ, ನಿಂಬೆಗಳ ಸಿಪ್ಪೆಯಿಂದ ಎಣ್ಣೆ ತೆಗೆಯಬಹುದಾದರೂ ಪೇರ್, ಪೀಚ್, ಸೇಬುಗಳಿಂದ ಹಾಗೆ ಭಟ್ಟಿ ಇಳಿಸಿ ಸುಗಂಧದೆಣ್ಣೆ ಪಡೆಯಲಾಗುವುದಿಲ್ಲ. ಆದ್ದರಿಂದ ಸೆಂಟಿನಲ್ಲಿ ಬರುವ ಹಣ್ಣುಗಳು ಬಹುಪಾಲು ಪ್ರಯೋಗಾಲಯದಲ್ಲಿ ಹುಟ್ಟಿದವು. ಪೇರ್, ಬಾಳೆ, ಸೇಬುಗಳ ಪರಿಮಳ ಕೊಡುವ ಎಸ್ಟರ್ ಎಂಬ ರಾಸಾಯನಿಕಗಳು ಹಗುರವಾದ್ದರಿಂದ ಬಹಳ ಬೇಗ ಆರಿಹೋಗುತ್ತವೆ. ಪೀಚಿನ ಪರಿಮಳ ಕೊಡುವ ಗಾಮಾ ಅಂಡೆಕಾಲ್ಯಾಕ್ಟೋನ್ ಹಾಗಲ್ಲ, ಅದು ಭಾರವಾದದ್ದು, ಅಂಟಿಕೊಂಡು ಕೂರುವಂಥದ್ದು. ಸೆಂಟು ತಯಾರಿಸುವ ಫ್ರಾನ್ಸಿನ ಗೆರ್ಲೇನ್ ಮನೆತನದವರು 1919ರಲ್ಲಿ ಮಿತ್ಸುಕೊ ಎಂಬ ಸೆಂಟಿನಲ್ಲಿ ಇದನ್ನು ಬಳಸಿ ಹೆಸರು ಮಾಡಿದರು. ಇನ್ನು ಈಥೈಲ್ ಮಾಲ್ಟೋಲ್ ಎಂಬುದೊಂದಿದೆ: ಜಾತ್ರೆಯಲ್ಲಿ ಮಾರುವ ಬಾಂಬೆ ಮಿಠಾಯಿಯ, ಸಕ್ಕರೆ ಪಾಕ ತಳ ಹಿಡಿದಾಗ ಏಳುವ ಘಮಲು ಅದರದ್ದು. 1992ರ ಏಂಜೆಲ್ ಎಂಬ ಸೆಂಟು ಗೆದ್ದ ಮೇಲೆ ಇಂಥ ಸಿಹಿಯನ್ನು ಸುರಿಯುವುದು ವಾಡಿಕೆಯಾಯಿತು. ನಾನು ಹಣ ಕೊಟ್ಟದ್ದು ಪೇರ್ ಹಣ್ಣಿಗಾಗಿ, ಮನೆಗೆ ತಂದದ್ದು ಬಾಂಬೆ ಮಿಠಾಯಿಯನ್ನು.

ಶಾಲೆ ತೆರೆದ ಮೊದಲ ವಾರವೇ ತೊಂದರೆ ತಿಳಿಯಿತು. ಬೆಳಗ್ಗೆ ಎಂಟೂವರೆಗೆ ಕುತ್ತಿಗೆಯ ಎರಡೂ ಬದಿಗೆ ಒಂದೊಂದು ಸಲ ಸಿಂಪಡಿಸಿಕೊಂಡು ಬದಿಯಡ್ಕದಲ್ಲಿ ಕುಂಬಳೆಯ ಬಸ್ಸು ಹತ್ತಿದೆ. ಮಳೆ ಹೊಡೆಯುತ್ತಿದ್ದುದರಿಂದ ಬಸ್ಸಿನ ಶಟರುಗಳನ್ನೆಲ್ಲ ಎಳೆದಿದ್ದರು. ಒದ್ದೆ ಕೊಡೆ, ಒದ್ದೆ ಸೀರೆ, ಹಿಂದಿನ ಸೀಟಿನಲ್ಲಿ ಯಾರದೋ ಹಲಸಿನ ಹಣ್ಣಿನ ಚೀಲ. ನಮ್ಮ ಕಡೆ ಮಳೆಗಾಲದ ಸೆಕೆ ಬೆವರನ್ನು ಹೊರಗೆ ತರುತ್ತದೆಯೇ ಹೊರತು ಅದನ್ನು ಆರಲು ಬಿಡುವುದಿಲ್ಲ. ಇಪ್ಪತ್ತು ನಿಮಿಷದೊಳಗೆ ಪೇರ್ ಹಣ್ಣಿನ ತಂಪು ಹಾರಿಹೋಗಿ, ಕೆಳಗಿದ್ದ ಸಿಹಿಯೆಲ್ಲ ಒಮ್ಮೆಗೇ ಮೇಲೆ ಬಂತು. ಕುಂಬಳೆ ತಲುಪುವ ಹೊತ್ತಿಗೆ ಆ ಹಲಸು ಯಾವುದು, ನನ್ನ ಕುತ್ತಿಗೆ ಯಾವುದು ಎಂದು ನನಗೇ ಗೊತ್ತಾಗದಂತಾಗಿತ್ತು.

ಎರಡನೇ ಪೀರಿಯಡ್ಡಿನಲ್ಲಿ ಎಂಟನೇ ತರಗತಿಯ ಮುಂದಿನ ಬೆಂಚಿನ ಹುಡುಗನೊಬ್ಬ ಪದ್ಯದ ಮಧ್ಯೆ ಕೈ ಎತ್ತಿದ. ಅರ್ಥ ಕೇಳುತ್ತಾನೇನೋ ಎಂದುಕೊಂಡೆ. “ಟೀಚರ್, ನಿಮ್ಮ ಬ್ಯಾಗಿನಲ್ಲಿ ಮಿಠಾಯಿ ಉಂಟಾ?” ಎಂದು ಕೇಳಿದ. ತರಗತಿಯೇ ನಕ್ಕಿತು, ನಾನೂ ನಕ್ಕೆ. ಆದರೆ ಮಧ್ಯಾಹ್ನದ ಊಟದ ಹೊತ್ತಿಗೆ ನನಗೇ ತಲೆ ಹಿಡಿದಂತಾಯಿತು. ಅನ್ನ, ಸಾರು, ಉಪ್ಪಿನಕಾಯಿಗಳ ವಾಸನೆಯ ಮೇಲೆ ಸಕ್ಕರೆ ಪಾಕದ ಈ ಘಮಲು ಕುಳಿತರೆ ಹೊಟ್ಟೆಗೆ ಆಗುವುದಿಲ್ಲ.

ಇಷ್ಟಾದರೆ ಸಹಿಸಬಹುದಿತ್ತು, ನಿಜವಾದ ಕಿರಿಕಿರಿ ಬಟ್ಟೆಯದು. ಈ ಬಗೆಯ ಸೆಂಟುಗಳ ತಳದಲ್ಲಿ ಕೃತಕ ಕಸ್ತೂರಿಗಳಿರುತ್ತವೆ. ಅವು ನೂಲಿಗೆ ಹಿಡಿದರೆ ಸುಲಭಕ್ಕೆ ಬಿಡುವುದಿಲ್ಲ. ಬಟ್ಟೆ ಒಗೆಯುವ ಪುಡಿಗಳಲ್ಲಿಯೂ ಅವನ್ನು ಬಳಸುವುದು ಇದೇ ಗುಣಕ್ಕಾಗಿ. ಬಿಸಿಲಿರುವ ಊರಿನಲ್ಲಿ ಬಟ್ಟೆ ಒಗೆದು ಹೊರಗೆ ಹರವಿದರೆ ಸ್ವಲ್ಪವಾದರೂ ಹೋದೀತು. ಜೂನಿನಲ್ಲಿ ನಮ್ಮ ಬಟ್ಟೆಗಳು ಒಣಗುವುದು ಚಾವಡಿಯಲ್ಲಿ ಕಟ್ಟಿದ ಹಗ್ಗದ ಮೇಲೆ, ಎರಡು ದಿನ, ಕೆಲವೊಮ್ಮೆ ಮೂರು ದಿನ. ಒಗೆದ ರವಿಕೆಯ ಕತ್ತಿನ ಭಾಗದಲ್ಲಿ ಮೂರನೆಯ ದಿನವೂ ಪೀಚ್ ಹಣ್ಣು ಹಾಗೇ ಇತ್ತು, ಅದಕ್ಕೆ ಒಣಗದ ಬಟ್ಟೆಯ ಮುಗ್ಗಲು ವಾಸನೆಯೂ ಸೇರಿತ್ತು. ಅದೇ ರವಿಕೆಯ ಮೇಲೆ ಮರುವಾರ ಮಲ್ಲಿಗೆಯದನ್ನು ಹಾಕಿದರೆ ಎರಡರದ್ದೂ ಜಗಳ. “ಇದೆಂಥ ವಾಸನೆ ಮಾರಾಯ್ತಿ, ಬೆಲ್ಲದ ಡಬ್ಬಿಗೆ ನೀರು ಹೋದ ಹಾಗೆ” ಎಂದರು ಅತ್ತೆ. ಅವರ ಮೂಗಿಗೆ ನಾನು ಬೆಲೆ ಕೊಡುತ್ತೇನೆ. ಉಪ್ಪಿನಕಾಯಿ ಭರಣಿ ಕೆಡುವ ಎರಡು ದಿನ ಮುಂಚೆಯೇ ಅವರಿಗೆ ಗೊತ್ತಾಗುತ್ತದೆ.

ಸೀಸೆ ಮಾತ್ರ ಬಹಳ ಚೆಂದವಾಗಿದೆ.

ಮಲ್ಲಿಗೆಯ ಸ್ಪ್ರೇ ತಂದದ್ದು ಈ ಬೇಸರದಲ್ಲಿ, ಹೆಚ್ಚಿನ ಆಸೆ ಇಲ್ಲದೆ. ಹೂವಿನ ಸೆಂಟು ನಮ್ಮ ಕಡೆಯವರ ಎದುರು ಗೆಲ್ಲುವುದು ಕಷ್ಟ. ಮರದಲ್ಲಿ ತೂಗುವ ಪೀಚನ್ನು ನಾನು ಎಂದೂ ಕಂಡವಳಲ್ಲ, ಆದ್ದರಿಂದ ಸೀಸೆಯಲ್ಲಿರುವುದೇ ಪೀಚ್ ಎಂದು ಯಾರಾದರೂ ಹೇಳಿದರೆ ಒಪ್ಪಿಕೊಳ್ಳಬೇಕು. ಮಲ್ಲಿಗೆ ಹಾಗಲ್ಲ. ಉಡುಪಿ ಕಡೆಯ ಶಂಕರಪುರದ ಮಲ್ಲಿಗೆಯನ್ನು ಚೆಂಡಿನ ಲೆಕ್ಕದಲ್ಲಿ, ಹಬ್ಬ ಬಂದರೆ ನಾಲ್ಕು ಚೆಂಡು ಸೇರಿದ ಅಟ್ಟೆಯ ಲೆಕ್ಕದಲ್ಲಿ ಕೊಂಡು ಮುಡಿದು ಬೆಳೆದವರಿಗೆ, ಬೆಳಗಿನ ಬಿಗಿ ಮೊಗ್ಗಿನ ಹಸಿರು ಪರಿಮಳ ಯಾವುದು, ಸಂಜೆ ಅರಳುವಾಗಿನ ಪರಿಮಳ ಯಾವುದು, ಮರುದಿನ ಕಂದಿದ ಹೂವಿನದು ಯಾವುದು ಎಂದು ಕಣ್ಣು ಮುಚ್ಚಿದರೂ ತಿಳಿಯುತ್ತದೆ. ಅಂಥವರ ಮುಂದೆ ಸೀಸೆಯ ಮಲ್ಲಿಗೆ ಒಂದು ಸುಳ್ಳು ಹೇಳಿದರೂ ಸಿಕ್ಕಿಬೀಳುತ್ತದೆ.

ಇದು ಸುಳ್ಳು ಹೇಳುತ್ತದೆ, ಆದರೆ ಒಪ್ಪುವಂತೆ ಹೇಳುತ್ತದೆ. ನಿಜವಾದ ಮಲ್ಲಿಗೆಯಲ್ಲಿ ಇಂಡೋಲ್ ಎಂಬ ಅಂಶವಿದೆ. ಅದೊಂದನ್ನೇ ಹೆಚ್ಚಾಗಿ ಮೂಸಿದರೆ ಕೊಳೆತದ್ದರ, ಪ್ರಾಣಿಗಳ ಹಟ್ಟಿಯ ನೆನಪಾಗುವಂಥ ವಾಸನೆ. ಆದರೆ ಹೂವಿನಲ್ಲಿ ಇರುವ ಅಲ್ಪ ಪ್ರಮಾಣದಲ್ಲಿ ಅದೇ ಮಲ್ಲಿಗೆಗೆ ಆಳವನ್ನೂ ರಾತ್ರಿಯ ಮತ್ತನ್ನೂ ಕೊಡುತ್ತದೆ. ನನ್ನ ಮೂಗಿಗೆ ತಿಳಿದಂತೆ ಈ ಸ್ಪ್ರೇಯಲ್ಲಿ ಆ ಭಾಗವನ್ನು ಬಹುತೇಕ ತೆಗೆದು, ಬೆಳಗಿನ ಮೊಗ್ಗಿನ ತಿಳಿಯನ್ನು ಮಾತ್ರ ಇಟ್ಟಿದ್ದಾರೆ. ಮುಡಿದು ಮಲಗಿದ ಹೂವಿನ ಪರಿಮಳ ಬೇಕೆನ್ನುವವರಿಗೆ ಇದು ಸಪ್ಪೆ. ಪಾಠ ಮಾಡಬೇಕಾದವಳಿಗೆ ಇಷ್ಟೇ ಸಾಕು. ಹಾಕಿಕೊಂಡ ಮೊದಲ ದಿನವೇ ಪಕ್ಕದ ಮೇಜಿನ ಮಲಯಾಳಂ ಟೀಚರ್ “ಮುಲ್ಲಪ್ಪೂವಾಣೋ?” (ಮಲ್ಲಿಗೆ ಹೂವಾ?) ಎಂದು ನನ್ನ ಜಡೆಯತ್ತ ಬಗ್ಗಿ ನೋಡಿದರು. ಜಡೆಯಲ್ಲಿ ಹೂವಿರಲಿಲ್ಲ. ಮಿಠಾಯಿಯ ಪ್ರಶ್ನೆ ಕೇಳಿಸಿಕೊಂಡಿದ್ದವಳಿಗೆ ಈ ಪ್ರಶ್ನೆ ಎಷ್ಟು ಹಿತವೆನಿಸಿತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಇದರ ಕೊರತೆಯೆಂದರೆ ಬಾಳಿಕೆ. ಎರಡು ಗಂಟೆ, ಹೆಚ್ಚೆಂದರೆ ಎರಡೂವರೆ. ಹನ್ನೊಂದರ ಬಿಡುವಿನ ಹೊತ್ತಿಗೆ ಹುಡುಕಿದರೂ ಸಿಗುವುದಿಲ್ಲ. ಬೆಳಗ್ಗೆ ಮೂರು, ಮಧ್ಯಾಹ್ನ ಊಟವಾಗಿ ಕೈ ತೊಳೆದ ಮೇಲೆ ಮೂರು ಸಲ ಸಿಂಪಡಿಸಿಕೊಳ್ಳುವುದು ನನಗೆ ರೂಢಿಯಾಗಿದೆ. ಬಟ್ಟೆಯಲ್ಲಿ ಉಳಿಯದೆ ಹೋಗುವುದನ್ನು ದೋಷವೆಂದು ಬರೆಯುವವರು ಇರಬಹುದು. ಚಾವಡಿಯ ಹಗ್ಗವನ್ನು ನೋಡಿದವಳಿಗೆ ಅದು ಗುಣವಾಗಿಯೇ ಕಾಣುತ್ತದೆ.

ಅತ್ತರಿನ ಬಗ್ಗೆ ನನಗೆ ಗೌರವವಿದೆ, ಬಳಕೆ ಕಡಿಮೆ. ಉತ್ತರ ಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆಯಲ್ಲಿ ಹೂ ಮತ್ತು ನೀರು ಹಾಕಿ ಕುದಿಸಿ, ಆ ಹಬೆಯನ್ನು ಬಿದಿರಿನ ಕೊಳವೆಯ ಮೂಲಕ ಶ್ರೀಗಂಧದ ಎಣ್ಣೆಯಿರುವ ಪಾತ್ರೆಗೆ ಇಳಿಸಿ ತೆಗೆಯುವುದೇ ಹಳೆಯ ಕ್ರಮದ ಅತ್ತರು. ಶ್ರೀಗಂಧದೆಣ್ಣೆಯ ಇಂದಿನ ಬೆಲೆಯಲ್ಲಿ 300 ರೂಪಾಯಿಗೆ ಆರು ಮಿಲಿಲೀಟರ್ ಅಂಥದ್ದು ಸಿಗುವುದು ಸಾಧ್ಯವಿಲ್ಲ, ಬೇರೆ ಎಣ್ಣೆಯಲ್ಲಿ ಕಲಸಿದ್ದೇ ನನ್ನ ಕೈಗೆ ಬಂದಿರಬೇಕು. ಆದರೂ ಅದರಲ್ಲಿ ಇಂಡೋಲ್ ಇದೆ, ರಾತ್ರಿಯ ಮಲ್ಲಿಗೆ ಇದೆ, ಮಣಿಕಟ್ಟಿಗೆ ಸೋಕಿಸಿದ ಒಂದು ಹನಿ ಸಂಜೆಯವರೆಗೂ ಇರುತ್ತದೆ. ತಿಳಿ ಬಣ್ಣದ ಹತ್ತಿ ಸೀರೆಯ ಅಂಚಿಗೆ ತಾಗಿ ಹಳದಿ ಕಲೆಯಾದದ್ದರಿಂದ ಶಾಲೆಗೆ ಅದು ಬೇಡವೆಂದು ತೀರ್ಮಾನಿಸಿದೆ. ಮಧೂರು ದೇವಸ್ಥಾನಕ್ಕೋ ರಾತ್ರಿಯ ಯಕ್ಷಗಾನಕ್ಕೋ ಹೋಗುವ ದಿನ ರೇಷ್ಮೆ ಸೀರೆಗೆ ತಾಗದಂತೆ ಕಿವಿಯ ಹಿಂದೆ ಹಚ್ಚಿಕೊಳ್ಳುತ್ತೇನೆ.

ಹಣದ ಲೆಕ್ಕ ಹಾಕಿದಾಗ ನನಗೇ ಅಚ್ಚರಿಯಾಯಿತು. ಒಂದು ಸಲ ಒತ್ತಿದರೆ ಸುಮಾರು 0.1 ಮಿಲಿಲೀಟರ್ ಬರುತ್ತದೆಂದು ಹಿಡಿದರೆ 50 ಮಿಲಿಲೀಟರಿನ ಸೀಸೆಯಲ್ಲಿ 500 ಸಲ ಒತ್ತಬಹುದು. ಹಣ್ಣಿನದನ್ನು ದಿನಕ್ಕೆ ಎರಡು ಸಲದಂತೆ ಬಳಸಿದರೆ 250 ದಿನ, ದಿನಕ್ಕೆ ಹತ್ತೂವರೆ ರೂಪಾಯಿಯ ಹತ್ತಿರ. ಮಲ್ಲಿಗೆಯದನ್ನು ದಿನಕ್ಕೆ ಆರು ಸಲದಂತೆ ಬಳಸಿದರೆ 83 ದಿನ, ಹತ್ತು ರೂಪಾಯಿಯ ಆಸುಪಾಸು. ಅಂದರೆ ಅಗ್ಗದ್ದೆಂದು ನಾನು ಹಿಗ್ಗಿದ್ದು ಅಗ್ಗವೇನೂ ಆಗಿರಲಿಲ್ಲ. ಆದರೂ ಸಂಬಳದಲ್ಲಿ ಒಮ್ಮೆಗೇ 2,600 ರೂಪಾಯಿ ತೆಗೆಯುವುದಕ್ಕೂ ಮೂರು ತಿಂಗಳಿಗೊಮ್ಮೆ 850 ತೆಗೆಯುವುದಕ್ಕೂ ವ್ಯತ್ಯಾಸವಿದೆ. ಹಿಡಿಸದಿದ್ದರೆ ಕಳೆದುಕೊಳ್ಳುವುದೂ ಅಷ್ಟೇ ಕಡಿಮೆ.

ಇಷ್ಟು ಬರೆದ ಮೇಲೆ ಹಣ್ಣಿನ ಪರಿಮಳವೇ ನನಗೆ ಆಗದು ಎಂದು ಯಾರೂ ತಿಳಿಯಬಾರದು. ಹೂವಿಗೂ ಹಣ್ಣಿಗೂ ನಡುವಿನ ಗೆರೆ ಬಹಳ ತೆಳುವಾದದ್ದು: ಮಲ್ಲಿಗೆಯ ಪರಿಮಳದ ಮುಖ್ಯ ಅಂಶಗಳಲ್ಲಿ ಒಂದಾದ ಬೆಂಜೈಲ್ ಅಸಿಟೇಟನ್ನು ಬೇರೆಯಾಗಿ ಮೂಸಿದರೆ ಮಾಗಿದ ಹಣ್ಣಿನ ನೆನಪೂ ಬರುತ್ತದೆ. ನಮ್ಮ ತವರಿನ ಅಂಗಳದಲ್ಲಿ ಮನೋರಂಜಿನಿಯ ಬಳ್ಳಿಯೊಂದಿದೆ. ಹಸಿರಾಗಿ ಎಲೆಯ ನಡುವೆ ಕಾಣದಂತಿರುವ ಹೂವು ಹಳದಿಗೆ ತಿರುಗಿದೊಡನೆ ಅಂಗಳವೆಲ್ಲ ಹಣ್ಣಿನ ಪರಿಮಳ. ಯಾವ ಹಣ್ಣನ್ನು ನೆನೆದರೆ ಆ ಹಣ್ಣಿನ ಪರಿಮಳ ಬರುತ್ತದೆ ಎಂದು ಚಿಕ್ಕಂದಿನಲ್ಲಿ ದೊಡ್ಡವರು ಹೇಳುತ್ತಿದ್ದರು. ನಾನು ಕದಳಿಯನ್ನು ನೆನೆಯುತ್ತಿದ್ದೆ, ತಮ್ಮ ಹಲಸನ್ನು, ಇಬ್ಬರಿಗೂ ನಮ್ಮ ನಮ್ಮ ಹಣ್ಣೇ ಸಿಗುತ್ತಿತ್ತು. ಅದರಲ್ಲಿ ಸಿಹಿಯಿದೆ, ಸಕ್ಕರೆಯಿಲ್ಲ. ಆ ಪರಿಮಳದ ಸೀಸೆಯನ್ನು ಯಾರಾದರೂ ಮಾಡಿದರೆ 2,600 ಕೊಡುವುದಕ್ಕೂ ನಾನು ಹಿಂಜರಿಯಲಾರೆ.

ಬೆಳಗ್ಗೆ ಬಸ್ಸಿನಲ್ಲಿ ನಿಂತು ಹೋಗುವವರು, ಮಕ್ಕಳ ನಡುವೆ ಇಡೀ ದಿನ ಇರುವವರು, ಜೂನಿನಿಂದ ಸೆಪ್ಟೆಂಬರ್‌ವರೆಗೆ ಒಳಗೇ ಬಟ್ಟೆ ಒಣಗಿಸುವವರು ಮಲ್ಲಿಗೆಯದನ್ನು ಕೊಳ್ಳಲಿ. ಏಸಿ ಕೋಣೆಯಲ್ಲಿ ಕುಳಿತು ಕೆಲಸ ಮಾಡುವವರಿಗೆ ಹಣ್ಣಿನದು ಹೊಂದಬಹುದು. ಇದನ್ನು ಊಹೆಯಿಂದ ಹೇಳುತ್ತಿಲ್ಲ: ಬೆಂಗಳೂರಿನಿಂದ ಬಂದಿದ್ದ ನಾದಿನಿಯ ಮಗಳಿಗೆ ಹಣ್ಣಿನದನ್ನು ಸಣ್ಣ ಸೀಸೆಯೊಂದಕ್ಕೆ ತುಂಬಿಸಿ ಕೊಟ್ಟಿದ್ದೆ, ಅಲ್ಲಿಯ ಆಫೀಸಿನಲ್ಲಿ ಸಂಜೆಯವರೆಗೂ ಪೇರ್ ಹಣ್ಣಿನ ಹಾಗೆಯೇ ಇರುತ್ತದೆ ಎಂದು ಫೋನ್ ಮಾಡಿ ಹೇಳಿದಳು. ದೀಪಾವಳಿಗೆ ಬಂದಾಗ ಉಳಿದದ್ದನ್ನು ಸೀಸೆ ಸಮೇತ ಒಯ್ಯುತ್ತೇನೆ ಎಂದೂ ಹೇಳಿದ್ದಾಳೆ. ಸೀಸೆಯನ್ನು ಮಾತ್ರ ಖಾಲಿಯಾದ ಮೇಲೆ ನನಗೇ ವಾಪಸು ಕೊಡಬೇಕೆಂದು ಕೇಳಿಕೊಂಡಿದ್ದೇನೆ.