ಮುಕ್ಕಾಲಿನ ಮಗ್ಗಿ ಇರುವ ಪುಟ್ಟ ಪುಸ್ತಕ

ಮೈಸೂರಿನ ದೇವರಾಜ ಮಾರುಕಟ್ಟೆಯ ಬಳಿ ಗ್ರಂಥಿಗೆ ಅಂಗಡಿಯೊಂದರಲ್ಲಿ ಪಂಚಾಂಗಗಳ ಪಕ್ಕ ತೂಗುಹಾಕಿದ್ದ ಮಗ್ಗಿ ಪುಸ್ತಕವನ್ನು 20 ರೂಪಾಯಿ ಕೊಟ್ಟು ತಂದು ಎರಡು ತಿಂಗಳಾಯಿತು. ಕೊಂಡದ್ದು ಮೂರನೆಯ ತರಗತಿಯ ಮಗಳಿಗಾಗಿ. ಆದರೆ ಮೊಬೈಲಿನ ಕ್ಯಾಲ್ಕುಲೇಟರ್ ತೆರೆಯದೆ ಹಾಲಿನ ಲೆಕ್ಕವನ್ನೂ ಮಾಡಲಾಗದ ಸ್ಥಿತಿಗೆ ಬಂದಿದ್ದ ನನಗೇ ಅದು ಹೆಚ್ಚು ಒದಗಿತು.

ಎರಡರಿಂದ ಇಪ್ಪತ್ತರವರೆಗಿನ ಮಗ್ಗಿ ಎಲ್ಲೆಡೆಯೂ ಸಿಗುತ್ತದೆ; ಈ ಪುಸ್ತಕದ ನಿಜವಾದ ಬೆಲೆ ಇರುವುದು ಕೊನೆಯಲ್ಲಿರುವ ಕಾಲು, ಅರೆ, ಮುಕ್ಕಾಲಿನ ಮಗ್ಗಿಗಳಲ್ಲಿ. ಕಳೆದ ವಾರ ಕಿಲೋಗೆ 64 ರೂಪಾಯಿಯ ಹುರುಳಿಕಾಯಿಯನ್ನು ಮುಕ್ಕಾಲು ಕಿಲೋ ತೂಗಿಸಿದಾಗ, ಇಪ್ಪತ್ತರ ಮುಕ್ಕಾಲು ಹದಿನೈದು, ಅಂಥ ಮೂರು ಸೇರಿದರೆ ನಲವತ್ತೈದು, ಉಳಿದ ನಾಲ್ಕರ ಮುಕ್ಕಾಲು ಮೂರು ಎಂದು ಮನಸ್ಸಿನಲ್ಲೇ ಕೂಡಿಕೊಂಡು, ವ್ಯಾಪಾರಿ ತಕ್ಕಡಿಯ ಗುಂಡಿ ಒತ್ತುವ ಮೊದಲೇ 48 ರೂಪಾಯಿ ಎಣಿಸಿ ಹಿಡಿದಿದ್ದೆ. ಹದಿನೆಂಟರ ಮಗ್ಗಿಯೂ ಈಗ ಜಿಎಸ್‌ಟಿಯ ದೆಸೆಯಿಂದ ದಿನಬಳಕೆಯ ವಸ್ತುವಾಗಿದೆ: 450 ರೂಪಾಯಿಗೆ ಶೇಕಡ 18 ಎಂದರೆ ಹದಿನೆಂಟು ನಾಲ್ಕಲಿ ಎಪ್ಪತ್ತೆರಡು, ಅದಕ್ಕೆ ಹದಿನೆಂಟರ ಅರೆಯಾದ ಒಂಬತ್ತನ್ನು ಸೇರಿಸಿದರೆ 81.

ದೋಷಗಳೂ ಇವೆ. ಕಾಗದ ತೀರ ತೆಳು, ಪಿನ್ನು ಮೊದಲ ವಾರವೇ ಕಳಚಿತು. ಅದನ್ನು ಸಹಿಸಬಹುದು, ಆದರೆ ಹದಿನೇಳರ ಮಗ್ಗಿಯಲ್ಲಿ ಎಂಟನೆಯ ಸಾಲಿಗೆ 136ರ ಬದಲು 126 ಎಂದು ಅಚ್ಚಾಗಿರುವುದು ಅಕ್ಷಮ್ಯ. ಹಿಂದಿನ ಸಾಲಿನ 119ಕ್ಕೆ 17 ಕೂಡಿ ನೋಡುವವರಿಗೆ ತಪ್ಪು ಹೊಳೆಯುತ್ತದೆ, ರಾಗವಾಗಿ ಒಪ್ಪಿಸುವ ಮಗುವಿಗೆ ಹೊಳೆಯುವುದಿಲ್ಲ. ನಮ್ಮ ಮನೆಯಲ್ಲಿ ಆ ತಪ್ಪು ನಾಲ್ಕು ದಿನ ಬಾಯಿಪಾಠವಾದ ಮೇಲೆ ಸಿಕ್ಕಿಬಿತ್ತು, ಅದನ್ನು ಮರೆಸಲು ಅದಕ್ಕಿಂತ ಹೆಚ್ಚು ದಿನ ಹಿಡಿಯಿತು.

ದಶಮಾಂಶ ನಾಣ್ಯಪದ್ಧತಿ 1957ರ ಏಪ್ರಿಲ್ 1ರಂದೇ ಜಾರಿಗೆ ಬಂದಿದ್ದರೂ, ರೂಪಾಯಿಗೆ 16 ಆಣೆ, ಆಣೆಗೆ 12 ಕಾಸು ಎಂಬ ಕೋಷ್ಟಕ ಇಲ್ಲಿ ಇನ್ನೂ ಉಳಿದಿದೆ. ಅದನ್ನು ತೆಗೆಯಬೇಕೆಂದು ನಾನು ಹೇಳಲಾರೆ, ಏಕೆಂದರೆ ಕಾಲು, ಅರೆ, ವೀಸ (ಹದಿನಾರನೆಯ ಒಂದು ಪಾಲು) ಎಲ್ಲವೂ ಹದಿನಾರರಲ್ಲಿ ಶೇಷವಿಲ್ಲದೆ ಕೂರುವುದನ್ನು ಮಗಳು ಅಲ್ಲಿಯೇ ಕಂಡುಕೊಂಡಳು. ಆದರೆ ಆ ಪುಟದ ಪಕ್ಕದಲ್ಲಿ ಶೇಕಡಾವಾರಿನ ಒಂದು ಪುಟವೂ ಇರಬೇಕಿತ್ತು. ಕೊಳ್ಳುವವರು ಅಂಗಡಿಯಲ್ಲೇ ಹದಿನೇಳರ ಪುಟ ತೆರೆದು ನೋಡಿ, ಆಮೇಲೆ ಹಣ ಕೊಡಿ.